ಹೊಳೆವ್ವನ ಹಿತ್ತಲಮನಿ ಬಾಡಗಿ

ಕೇಶ್ವಾಪುರದಾಗ ಬಾಡಗಿ ಮನಿ ಬೇಕಂದ್ರ ನೀಲಕಂಠಪ್ಪನ್ನ ಹಿಡೀಬೇಕಿತ್ತು. ಬ್ಯಾರೆ ದಲಾಲ್ರು ಇದ್ದಿಲ್ಲ ಅಂತಲ್ಲ, ಇದ್ರು. ಅವ್ರು ಕೀಲಿ ತಗದು ಮನಿ ತೋರ್ಸಿ ಕೈ ಚಾಚತಿದ್ರು, ಮುಗೀತು. ನೀಲಕಂಠಪ್ಪ ಹಂಗಲ್ಲ. ಮೊದಲ ಚಾದಂಗಡಿಗೆ ಕರಕೊಂಡು ಹೋಗಿ, ಎದುರಿಗೆ ಕುಂದರ್ಸಿ, ಬಶಿಯೊಳಗ ಚಾ ಸುರಕೊಂಡು ಹೀರ್ಕೋತ, ಹಗೂರಕ ಕೇಳತಿದ್ದ. "ಯಾವೂರ್ರಿ ತಮ್ಮದು? ಊರಾಗ ಯಾವ ಓಣಿ? ಮನಿದೇವ್ರು ಯಾವುದು?" ಜಾತಿ ಅನ್ನೋ ಶಬ್ದ ಅವನ ಬಾಯಾಗ ಒಮ್ಮೆನೂ ಬರ್ತಿದ್ದಿಲ್ಲ. ಏನ್ ಸಭ್ಯ ಮನಷ್ಯಾನ್ರೀ! ಮೂರು ಮಾತು ಮುಗಿಯೂದರಾಗ ನಿಮ್ಮ ಮುತ್ತ್ಯಾ ಊರಾಗ ಎಲ್ಲಿ ನೀರು ಸೇದತಿದ್ದ ಅನ್ನೋದು ಅವಂಗ ಗೊತ್ತಾಗಿಬಿಡ್ತಿತ್ತು.

ಮನಿ ಮಾಲಕರಿಗೆ ಬೇಕಾಗಿದ್ದೂ ಅದ. ಮುಂಬೈ ಸರ್ಕಾರ ಹೋಗಿ ಮೈಸೂರು ಸರ್ಕಾರ ಬಂದ ಮ್ಯಾಲೆ ನೌಕರಿ ಮಂದಿ ಬದಲಿ ಆಗಿ ಆಗಿ ಹುಬ್ಬಳ್ಳಿಗೆ ಬಂದು ಬೀಳಾಕತ್ತಿದ್ರು. ಮಾರಿ ನೋಡಿದ್ರ ಯಾರು ಎಂಥಾವ್ರು ತಿಳೀತಿದ್ದಿಲ್ಲ, ಎಲ್ಲಾರ ಮೈಮ್ಯಾಲೂ ಇಸ್ತ್ರಿ ಅಂಗಿ. ಅದಕ್ಕ ನೀಲಕಂಠಪ್ಪನ ಮೂಗಿನ ಮ್ಯಾಲೆ ಓಣಿಗೆ ಓಣೀನ ಭರವಸಾ ಇಟ್ಟಿತ್ತು. ಅಂವಾ ಮಾತಿನ್ಯಾಗೂ ಹುಷಾರ. ಸೋರೂ ಮನಿಗೆ "ಬ್ಯಾಸಗ್ಯಾಗ ತಂಪ ಇರತೈತ್ರಿ" ಅಂತಿದ್ದ. ರೈಲ ಹಳಿ ಬಾಜೂಕ ಇದ್ದದ್ದಕ್ಕ "ಗಡಿಯಾರ ಕೊಳ್ಳೂ ಖರ್ಚಿಲ್ಲ" ಅಂತಿದ್ದ. ಹೊಸಾ ಮಂದಿ ಬಂದು ಹಾಲು ಉಕ್ಕಿಸಿದ ದಿನ ಮೊದಲನೇ ವಾಟಗ ಹಾಲು ನೀಲಕಂಠಪ್ಪಂದ. ಅದನ್ನ ಒಳಗ ಕುಂತು ಕುಡೀತಿದ್ದಿಲ್ಲ, ಹೊರಗ ಕಟ್ಟಿ ಮ್ಯಾಲೆ ಕುಂತು ನಾಲ್ಕ ಮಂದಿ ನೋಡೂ ಹಂಗ ಕುಡೀತಿದ್ದ. ನೀಲಕಂಠಪ್ಪ ಹಾಲು ಕುಡದಾನಂದ್ರ ಬಂದಾವ್ರು ನಡಿಯೋವಂಥಾ ಮಂದಿ ಅಂತ ಓಣಿ ತಿಳಕೊಂತಿತ್ತು.

ಐವತ್ತೆಂಟನೇ ಇಸವಿ ಮಳಿಗಾಲ ಮುಗಿಯೂ ಹೊತ್ತಿಗೆ ಯಂಕಣ್ಣ ಮಾಸ್ತರ ಅವನ ಕೈಗೆ ಸಿಕ್ಕ. ವಯಸ್ಸಿನ ಹುಡುಗ, ಸಾಲಿ ಮಾಸ್ತರಕಿ, ಮಾತು ಬೆಣ್ಣಿಯಂಗ. ಸಂಗಾಟ ಹೆಂಡತಿ ಸಾವಕ್ಕ, ಐದ ತಿಂಗಳ ಬಸರಿ. ಆಕಿಗೆ ತಾಯಿ ಇಲ್ಲ, ಚೊಚ್ಚಲ ಬಾಣಂತನಕ್ಕ ಹೋಗಾಕ ತವರಮನಿ ಅಂಬೂದು ಉಳದಿಲ್ಲ. ಮನ್ಯಾಗ ನೀರು ಇರಬೇಕು, ಬಾಜೂಕ ನಾಲ್ಕ ಹೆಣ್ಣಮಕ್ಕಳು ಇರಬೇಕು, ಕೂಸು ಆ ಮನ್ಯಾಗ ಹುಟ್ಟಬೇಕು. ಇಷ್ಟ ಬೇಕಾಗಿತ್ತು ಆ ಹುಡುಗಗ. ಇದನ್ನ ಕೇಳ್ಕೋತ ಅಂವಾ ಊರೆಲ್ಲಾ ಅಡ್ಡಾಡಿದ್ದ, ಎಲ್ಲಾ ಕಡೆ ಬಾಗಲಾ ಹಾಕಿಸ್ಕೊಂಡು ಬಂದಿದ್ದ.

ನೀಲಕಂಠಪ್ಪ ಅವನ್ನ ಸೀದಾ ಹೊಳೆವ್ವನ ಕಟ್ಟಿಗೆ ಕರಕೊಂಡು ಹೋದ. ಹೊಳೆವ್ವ ಅಂದ್ರ ಮೂರು ಮನಿ ಒಡತಿ, ಗಂಡ ಸತ್ತ ಮುದುಕಿ, ಹತ್ತಿ ಬತ್ತಿ ಹೊಸಕೋತ ಕಟ್ಟಿ ಮ್ಯಾಲೆ ಕುಂತ್ರ ಓಣಿ ಸುದ್ದಿ ಎಲ್ಲಾ ಆಕಿ ಮುಂದ ಹಾದು ಹೋಗಬೇಕು. ಹಿತ್ತಲಮನಿ ಖಾಲಿ ಇತ್ತು, ಬಾಂವಿ ಅಲ್ಲೇ ಬಾಗಲ ಮುಂದ. ಅವತ್ತ ಕೇಳೂ ಮಾತು ಆಕಿ ಎದುರಿಗೇ ಆದವು.

"ಯಾವೂರ್ರಿ?"

"ಗರಗ್ರಿ. ಓದಿದ್ದೆಲ್ಲಾ ಧಾರವಾಡದಾಗ, ಬೋರ್ಡಿಂಗಿನ್ಯಾಗ ಇದ್ದು."

ಬೋರ್ಡಿಂಗಿನ ಹುಡುಗಗ ಯಾವ ಓಣಿ ಅಂತ ಕೇಳೂದೇನು ಅಂತ ನೀಲಕಂಠಪ್ಪ ಮುಂದಿನ ಮಾತಿಗೆ ಹೋದ. "ಮನಿದೇವ್ರು?"

ಯಂಕಣ್ಣ ತೆಲಿ ಎತ್ತಿ ಅಂದ, "ಮನಿದೇವ್ರು ಅಂತ ಇಲ್ರಿ. ನಾವು ಬೌದ್ಧರು."

ಬ್ಯಾರೆ ಕಡೆ ಈ ಮಾತು ಆಡಿದ ಕೂಡ್ಲೆ ಮಂದಿ ಮಾರಿ ಬದಲಾಗೂದನ್ನ ನೋಡಿದ್ದ ಅಂವಾ. ಇಲ್ಲೆ ಏನಾತು ಕೇಳ್ರಿ. ಹೊಳೆವ್ವ ನಕ್ಕಳು! "ಬುದ್ಧ ಅಂದ್ರ ಆ ಕಣ್ಣ ಮುಚ್ಚಿ ಕುಂತಾನಲ್ಲ, ಕ್ಯಾಲೆಂಡರಿನ್ಯಾಗ? ಯಪ್ಪಾ, ಅಂವಾ ಭಾಳ ಶಾಂತ ದೇವ್ರು. ಜೈನರ ಪೈಕೀನ ಹೌದಲ್ಲೋ ನೀಲಕಂಠಾ? ಇರಿವಿ ಸೈತ ತುಳಿಯಂಗಿಲ್ಲ, ಉಳ್ಳಾಗಡ್ಡೀನೂ ತಿನ್ನಂಗಿಲ್ಲ." ನೀಲಕಂಠಪ್ಪಗ ಬೌದ್ಧರು ಅಂದ್ರ ಏನು ಅಂತ ಅಕ್ಷರನೂ ಗೊತ್ತಿದ್ದಿಲ್ಲ. ಗೊತ್ತಿಲ್ಲ ಅಂದ್ರ ಅವನ ಮೂಗಿನ ಮರ್ಯಾದಿ ಏನಾಗಬೇಕು? "ಹೌದ್ರಿ ಅವ್ವಾರ, ಆ ಪೈಕೀನ. ಒಬ್ಬರಿಗಿಂತ ಒಬ್ಬರು ಸಾಧು ಮಂದಿ" ಅಂದುಬಿಟ್ಟ. ಗೋಣು ಹಾಕೂದೊಂದು ಅವಂಗ ಹುಟ್ಟಾ ಬಂದ ವಿದ್ಯಾ.

ಜೈನರ ಮಾತು ಬಂದಾಗ ಯಂಕಣ್ಣ ಬಾಯಿ ತಗದಿದ್ದ. "ಅಲ್ರಿ ಅವ್ವಾರ, ನಾವು..." ಅನ್ನೂದರಾಗ ಮುದುಕಿ ಕೀಲಿ ತರಾಕ ಒಳಗ ಎದ್ದು ಹೋಗಿದ್ಲು. ಇವ್ರಿಗೆ ಎಲ್ಲಾ ಗೊತ್ತೈತಿ, ಗೊತ್ತಿದ್ದೂ ದೊಡ್ಡ ಮನಸ್ಸು ಮಾಡ್ಯಾರ ಅಂತ ಅವಂಗ ಅನಸ್ತು. ಮನಿಗೆ ಹೋಗಿ ಹೆಂಡತಿಗೆ "ಆ ಓಣ್ಯಾಗ ಮನಷ್ಯಾರು ಅದಾರ" ಅಂದನಂತ. ಆ ಹುಚ್ಚ ಹುಡುಗಗ ಏನ್ ಹೇಳಬೇಕು!

ಹಾಲು ಉಕ್ಕಿದ್ವು. ನೀಲಕಂಠಪ್ಪ ಕಟ್ಟಿ ಮ್ಯಾಲೆ ಕುಂತು ವಾಟಗ ಖಾಲಿ ಮಾಡಿ ಮೀಸಿ ಒರಸ್ಕೊಂಡ. ಹೊಳೆವ್ವನೂ ಕುಡದ್ಲು.

ಆ ನಾಲ್ಕ ತಿಂಗಳು ಛಲೋ ಹೋದ್ವು, ಅದನ್ನೂ ಹೇಳಬೇಕು. ಸಂಜಿಗೆ ಓಣಿ ಹುಡುಗರೆಲ್ಲಾ ಮಾಸ್ತರ ಮುಂದ ಕುಂತು ಲೆಕ್ಕಾ ಕಲೀತಿದ್ರು. ಸಾವಕ್ಕನ ಕೈಯಾನ ಶೇಂಗಾ ಹಿಂಡಿ ಬಾಜೂಕಿನ ನಾಲ್ಕ ಮನಿಗೆ ಹೋಗತಿತ್ತು. ಹೊಳೆವ್ವನಂತೂ ಆಕಿ ಹೊಟ್ಟಿ ನೋಡಿ ದಿನಾ ಒಂದು ಮಾತು. ಭಾರ ಎತ್ತಬ್ಯಾಡ, ಹೊಸಲಿ ಮ್ಯಾಲೆ ಕುಂದ್ರಬ್ಯಾಡ, ಹುಳಿ ಭಾಳ ತಿನ್ನಬ್ಯಾಡ. "ಸೂಲಗಿತ್ತಿ ಬರ್ಲಿ ಬಿಡ್ಲಿ, ನಾ ಅದೇನಿ. ನನ್ನ ಕೈಯಾಗ ಹಡೀತಿ ನೀ" ಅಂತಿದ್ಲು. ನೀಲಕಂಠಪ್ಪ ಆ ಕಡೆ ಹಾದ್ರ ಸಾವಕ್ಕ "ಅಣ್ಣಾರ, ಚಾ ಕುಡದು ಹೋಗ್ರಿ" ಅಂತ ಕರೀತಿದ್ಲು. ಅಂವಾ ಕುಡದೂ ಹೋಗತಿದ್ದ. ತಾ ಹೊಂದಿಸಿದ ಮನಿ, ತಾ ಕೂಡಿಸಿದ ಮಂದಿ ಅಂತ ಅವಂಗ ಎದಿ ಉಬ್ಬತಿತ್ತು.

ದಿನ ತುಂಬಿದ್ವು. ಅಂಥಾದ್ರಾಗ ಗರಗದಿಂದ ಖಾದಿ ಮಾರಾಂವ ಮಹಾದೇವಪ್ಪ ಅಂಬಾಂವ ಗಂಟು ಹೊತ್ಕೊಂಡು ಬಂದ. ಹೊಳೆವ್ವನ ಕಟ್ಟಿ ಮ್ಯಾಲೆ ಗಂಟು ಬಿಚ್ಚಿದ, ಹೆಣ್ಣಮಕ್ಕಳೆಲ್ಲಾ ಸುತ್ತ ಕೂಡಿದ್ರು. ಸಾವಕ್ಕ ಕೂಸಿನ ದುಪ್ಪಟಿಗೆ ಅಂತ ಒಂದು ಮೆತ್ತನ್ನ ಬಟ್ಟಿ ಕೈಯಾಗ ಹಿಡಕೊಂಡು ನೋಡಾಕತ್ತಿದ್ಲು. ಅದ ಹೊತ್ತಿಗೆ ಯಂಕಣ್ಣ ಸಾಲಿ ಬಿಟ್ಟು ಬಂದ.

"ಅರೇ, ಯಂಕ್ಯಾ! ನೀ ಇಲ್ಲೇನ್ ಮಾಡಾಕತ್ತೀಲೇ?"

ಮಾಸ್ತರಗ ಯಂಕ್ಯಾ ಅಂದದ್ದು ಕೇಳಿ ಹೆಣ್ಣಮಕ್ಕಳು ತಿರಗಿ ನೋಡಿದ್ರು. ಮಹಾದೇವಪ್ಪ ಅಷ್ಟಕ್ಕ ಬಿಡಲಿಲ್ಲ. "ನಮ್ಮೂರ ಹೊರಗಿನ ಕೇರಿ ಗಿರಿಯಪ್ಪನ ಮಗಾ ಇಂವಾ. ಈಗ ಎಲ್ಲಾರೂ ಬುದ್ಧ ಆಗ್ಯಾರಂತ. ಇವ್ರನ್ನ ಮನಿ ಒಳಗ ಬಿಟ್ಟೀರೇನ್ರಿ ನೀವು?" ಅಂದ. ಹೊಳೆವ್ವ ಕೈ ಚಾಚಿ, ಸಾವಕ್ಕನ ಬೆರಳಿನ್ಯಾಗಿಂದ ಆ ಬಟ್ಟಿ ಜಗ್ಗಿ ತಗೊಂಡ್ಲು.

ಅವತ್ತ ಸಂಜಿಗೆ ಓಣಿ ಕೂಡಿತು. ಗುರುಶಿದ್ದಪ್ಪ ಅಂತ ಜ್ವಾಳದ ವ್ಯಾಪಾರಿ, ಓಣಿಗೆ ಹಿರೇ ಮನಷ್ಯಾ. ಅಂವಾ ಕಟ್ಟಿ ನಡುವ ಕುಂತ. ಮುದುಕಿ ಕಂಬಕ್ಕ ಒರಗಿ ಬತ್ತಿ ಹೊಸಕೋತ ಕುಂತಿದ್ಲು. ಯಂಕಣ್ಣ ಅಂಗಳದಾಗ ನಿಂತಿದ್ದ. ನಾಲ್ಕ ತಿಂಗಳು ಕಟ್ಟಿ ಮ್ಯಾಲೆ ಕುಂತು ಪಾಠಾ ಹೇಳಿದಾಂವಗ ಅವತ್ತ ಯಾರೂ ಕುಂದ್ರು ಅನ್ನಲಿಲ್ಲ.

"ಜಾತಿ ಮುಚ್ಚಿಟ್ಟು ಬಂದಿಯಲ್ಲೋ?" ಅಂದ ಗುರುಶಿದ್ದಪ್ಪ.

"ಇಲ್ರಿ. ಮೊದಲನೇ ದಿನಾನ ಹೇಳೇನಿ, ಇದ ಕಟ್ಟಿ ಮ್ಯಾಲೆ. ಬೌದ್ಧರು ಅಂತ ಬಾಯಿಬಿಟ್ಟು ಹೇಳೇನಿ. ನೀಲಕಂಠಪ್ಪನವ್ರು ಕೇಳ್ಯಾರ. ಅವ್ರನ್ನ ಕೇಳ್ರಿ."

ಗುರುಶಿದ್ದಪ್ಪ ಗದ್ದ ತುರಸ್ಕೊಂಡ. ಅಂವಾ ಪೂರಾ ಕೆಟ್ಟಾಂವ ಅಲ್ಲ, ಲೆಕ್ಕಾ ಹಚ್ಚೂ ಮನಷ್ಯಾ. "ಹಂಗ ಹೇಳಿದ್ದು ಖರೇ ಆದ್ರ ತಪ್ಪು ನಮ್ಮದು. ಹೆಣ್ಣಮಗಳು ದಿನ ತುಂಬಿದಾಕಿ, ಬಾಣಂತನ ಮುಗಿಯೂ ತನಕ ಇರ್ಲಿ, ಆಮ್ಯಾಲೆ ನೋಡೂಣು. ಸುಳ್ಳು ಹೇಳಿದ್ದಾದ್ರ ಈಗಿಂದೀಗ ಹೊರಗ. ಸಾಲಿ ಕಮಿಟಿಗೂ ಹೇಳಿ ಕಳಸ್ತೇವಿ, ಇಂಥಾ ಸುಳ್ಳಗ ಮಾಸ್ತರ ಬ್ಯಾಡಂತ. ನೀಲಕಂಠಾ, ನೀ ಹೇಳು. ಇಂವಾ ಹೇಳಿದ್ನೋ ಇಲ್ಲೋ?"

ಎಲ್ಲಾರೂ ನೀಲಕಂಠಪ್ಪನ ಕಡೆ ತಿರಗಿದ್ರು. ಹೌದು ಅನ್ನೂದು ಎಷ್ಟೊತ್ತಿಂದ್ರೀ? ಒಂದು ಶಬ್ದ. ಅಂದ್ರ ಆ ಹುಡುಗಿ ಮನ್ಯಾಗ ಹಡೀತಿದ್ಲು. ಆದ್ರ ಅಂದಮ್ಯಾಲೆ ಮುಂದಿನ ಮಾತು ಬರ್ತೈತಲ್ಲ: ನಿಂಗ ಬೌದ್ಧರು ಯಾರಂತ ಗೊತ್ತಿದ್ದಿಲ್ಲೇನೋ ಮೂಗಿನ ಶಾಣ್ಯಾ? ಗೊತ್ತಿದ್ದೂ ಹಾಲು ಕುಡದ್ಯಾ? ನಗತಾರ. ನಾಳೆಯಿಂದ ಯಾರೂ ಕೀಲಿ ಕೊಡಂಗಿಲ್ಲ. ಅಂವಾ ಹೊಳೆವ್ವನ ಕಡೆ ನೋಡಿದ. ಆಕಿ ತೆಲಿ ಎತ್ತಲಿಲ್ಲ, ಬತ್ತಿ ಹೊಸಕೋತನ ಇದ್ಲು.

"ಇಲ್ರಿ" ಅಂದ. ಅಷ್ಟ ಅಂದು ಬಾಯಿ ಮುಚ್ಚಿದ್ರೂ ಆಗತಿತ್ತು. ಮುಚ್ಚಲಿಲ್ಲ ಖೋಡಿ. "ಜೈನರು ಅಂದಿದ್ದ. ಉಳ್ಳಾಗಡ್ಡಿ ಸೈತ ತಿನ್ನಂಗಿಲ್ಲ ಅಂದಿದ್ದ. ಆಣಿ ಮಾಡಿ ಹೇಳಿದ್ನಲ್ರಿ, ನಾ ಹ್ಯಾಂಗ ನಂಬಬಾರದು?"

ಬಾಗಲ ಮರಿಗೆ ನಿಂತ ಸಾವಕ್ಕ ಸೊಂಟಕ್ಕ ಕೈ ಕೊಟ್ಟು ಒಂದೊಂದ ಹೆಜ್ಜಿ ಇಟ್ಟು ಹೊರಗ ಬಂದ್ಲು. ಸೀದಾ ನೀಲಕಂಠಪ್ಪನ ಎದುರಿಗೆ ಬಂದು ನಿಂತ್ಲು. "ಅಣ್ಣಾರ, ನನ್ನ ಮಾರಿ ನೋಡಿ ಹೇಳ್ರಿ."

ನೋಡಿದನ್ರಿ ಅಂವಾ. ಕಣ್ಣಾಗ ಕಣ್ಣಿಟ್ಟು ನೋಡಿ, ಅದ ಮಾತು ಇನ್ನೊಮ್ಮೆ ಹೇಳಿದ. ಎರಡನೇ ಸಲಾ ಇನ್ನೂ ಸರಾಗ ಬಂತು.

"ತಂದಾಂವ ನೀ, ಹೊರಗ ಹಾಕಾಂವನೂ ನೀನ" ಅಂದ ಗುರುಶಿದ್ದಪ್ಪ. ನೀಲಕಂಠಪ್ಪ ಒಳಗ ಹೋಗಿ ಗಡಗಿ, ಹಾಸಿಗಿ, ಟ್ರಂಕು ಎಲ್ಲಾ ತಂದು ಬೀದಿಗೆ ಇಟ್ಟ. ಬಾಂವಿ ಹಗ್ಗಾ ಹೊಳೆವ್ವ ಆಗಲೇ ಬಿಚ್ಚಿಸಿದ್ಲು. ಸಾವಕ್ಕ ಕುಡಿಯಾಕ ನೀರು ಬೇಡಿದ್ಲು. ಮಗ್ಗಿ ಕಲತ ಹುಡುಗರ ತಾಯಂದ್ರು, ಶೇಂಗಾ ಹಿಂಡಿ ತಿಂದ ಗಂಡಸರು, ಎಲ್ಲಾರೂ ಅಲ್ಲೇ ನಿಂತಿದ್ರು, ಒಬ್ಬರೂ ಚರಗಿ ಎತ್ತಲಿಲ್ಲ. ಟಾಂಗಾ ಹೊಡಿಯೂ ಬಡೇಸಾಬ ಒಬ್ಬಾಂವ ತನ್ನ ಕುದರಿಗಿ ಬೈಕೋತ ಇಳದು ಬಂದು ಆಕೀನ ಹತ್ತಿಸಿಕೊಂಡ. "ಎಲ್ಲಿಗೆ?" ಅಂತ ಯಂಕಣ್ಣನ್ನ ಕೇಳಿದ. ಯಂಕಣ್ಣಗ ಗೊತ್ತಿದ್ದಿಲ್ಲ.

ಮರುದಿನ ಮುಂಜಾನೆ ಚಾದಂಗಡ್ಯಾಗ ಬಡೇಸಾಬ ಎದುರಾದ. ಕುಂದ್ರಲಿಲ್ಲ, ನಿಂತ ನಿಂತ ಹೇಳಿದ. "ದಾರ್ಯಾಗ ಬ್ಯಾನಿ ಎದ್ದು, ನಮ್ಮ ಕುದರಿ ಲಾಯದಾಗ ಹಡದ್ಲು. ನನ್ನ ಹೇಣತಿ ಒಬ್ಬಾಕಿ ಏನ್ ಮಾಡ್ಯಾಳು? ಗಂಡ ಕೂಸು. ಅಳಲೇ ಇಲ್ಲ." ಹೇಳಿ ಹೊರಗ ಉಗುಳಿ ಹೋದ. ನೀಲಕಂಠಪ್ಪ ಬಶ್ಯಾಗಿನ ಚಾ ಕುಡದ. ಚಲ್ಲಿ ಎದ್ದ ಅಂತ ನಿಮಗ ಹೇಳಿದ್ರ ನಾನೂ ಸುಳ್ಳ ಆಗತೇನಿ.

ಆದ್ರೂ ಅಲ್ಲಿಂದ ಸೀದಾ ಹೊಳೆವ್ವನ ಕಡೆ ಹೋದ. "ಅವ್ವಾರ, ಕೂಸು ಹೋತಂತ" ಅಂದ. ಮುದುಕಿ ಬತ್ತಿ ಕೆಳಗಿಟ್ಟು, "ಪಾಪ" ಅಂದ್ಲು. ಆಮ್ಯಾಲೆ ಬತ್ತಿ ಹೊಸಕೋತ ಅಂದ್ಲು, "ಅವತ್ತ ಆ ಹುಡುಗ ಖರೇನ ಹೇಳಿದ್ದ. ಉಳ್ಳಾಗಡ್ಡಿ ಮಾತು ಆಡಿದಾಕಿ ನಾನು. ನಂಗ ಎಲ್ಲಾ ನೆನಪೈತಿ."

ನೀಲಕಂಠಪ್ಪ ಕಟ್ಟಿ ಹತ್ತರ ಸರದ. "ಮತ್ತ ನಿನ್ನೆ ಯಾಕ ಸುಮ್ಮನ ಕುಂತ್ರಿ?"

"ನನ್ನ ಯಾರು ಕೇಳಿದ್ರು? ಕೇಳಿದ್ರ ಹೇಳತಿದ್ನಿ." ಆಕಿ ಸೊಂಟದಾಗಿನ ಕೀಲಿಗೊಂಚಲು ಬಿಚ್ಚಿ ಕಟ್ಟಿ ಮ್ಯಾಲೆ ಇಟ್ಲು. "ನೀ ಛಲೋ ನಿಭಾಯಿಸಿದಿ. ಇನ್ನ ಮುಂದ ಮೂರೂ ಮನಿ ನೀನ ನೋಡ್ಕೋ. ಹಿತ್ತಲಮನಿಗೆ ಸುಣ್ಣಾ ಬಳಿಸು ಲಗೂನ."

ತಗೊಂಡ. ತಗೊಳ್ಳದ ಏನ್ ಮಾಡ್ತಾನ? ಮೂರು ಮನಿ ಕೀಲಿ ಒಬ್ಬ ದಲಾಲಿ ಕೈಯಾಗ ಬರೂದಂದ್ರ ಹುಡುಗಾಟಲ್ಲ. ಓಣ್ಯಾಗ ಅವನ ಹೆಸರು ಮೊದಲಿಗಿಂತ ಜಾಸ್ತೀನ ಆತು. ಸುಳ್ಳು ಹೇಳಿ ಬಂದಾವ್ರನ್ನ ತಾನ ಕೈಯಾರೆ ಹೊರಗ ಹಾಕಿದಾಂವ ಅಂತ ಬೈರಿದೇವರಕೊಪ್ಪದಿಂದನೂ ಮಾಲಕರು ಹುಡಿಕ್ಕೊಂಡು ಬಂದ್ರು. ಯಂಕಣ್ಣನ ನೌಕರಿ ಹೋತು. ಗಂಡ ಹೆಂಡತಿ ಯಾವ ಊರಿಗೆ ಹೋದ್ರು ಅನ್ನೋದನ್ನ ಯಾರೂ ಕೇಳಲಿಲ್ಲ.

ಸುಣ್ಣದ ವಾಸನಿ ಹೋಗೂ ಮೊದಲ ಹೊಸಾ ಮಂದಿ ಬಂದ್ರು. ಸೋಮಪ್ಪ ಅಂತ ರೈಲ್ವೆ ಕಾರಕೂನ, ಹೊಸದಾಗಿ ಲಗ್ನ ಆದ ಇಂದು ಅನ್ನೂ ಹುಡುಗಿ. ಚಾ ಆತು, ಮೂರೂ ಮಾತು ಆದ್ವು, ಎಲ್ಲಾ ಸರಿ ಇತ್ತು. ಮನಿ ನೋಡಿ ಗಂಡಗ ಪಸಂದ ಆತು. ಇಂದು ಹೊಸಲಿ ಕಡೆ ನಿಂತು ಸೆರಗ ಬೆರಳಿಗೆ ಸುತ್ತಕೊಂತ, ನಾಚಿಕೊಂತ ಕೇಳಿದ್ಲು, "ನಮ್ಮವ್ವ ಒಂದು ಮಾತು ಕೇಳಂದಾಳ್ರಿ. ಇದು ಮಕ್ಕಳಾದ ಮನಿ ಹೌದೇನ್ರಿ?"

ನೀಲಕಂಠಪ್ಪ ತಡಾ ಮಾಡಲಿಲ್ಲ. ನಕ್ಕ.

"ನಿನಗಿಂತ ಮೊದಲ ಇದ್ದಾಕಿ ಗಂಡ ಮಗಾನ ಹಡದಾಳ ತಂಗಿ, ನನ್ನ ಆಣಿಗೂ."

ಇಂದು ಗಂಡನ ಮಾರಿ ನೋಡಿ, "ಹಂಗಾದ್ರ ಇದ ಇರ್ಲಿ" ಅಂದ್ಲು.