ಹಸನಬಿಯ ಒಣ ಕೈ

ಬಾಷಾಸಾಬನದು ತುಕ್ಕಿನ ಕೈ. ಇದು ಬೈಗುಳವಲ್ಲ, ಅವನೇ ಹೇಳಿಕೊಳ್ಳುತ್ತಿದ್ದ ಮಾತು. ಅವನ ಅಂಗೈ ಸದಾ ಬೆವರುತ್ತಿತ್ತು. ತೊಳೆದಿಟ್ಟ ಕಬ್ಬಿಣವನ್ನು ಮುಟ್ಟಿದರೆ ಮರುದಿನವೇ ಬೆರಳಿನ ಗುರುತು ಕೆಂಪಗೆ ಏಳುತ್ತಿತ್ತು. ಇಂಥವನು ಹೊಟ್ಟೆಪಾಡಿಗೆ ಹಿಡಿದದ್ದು ತುಕ್ಕು ತಡೆಯುವ ಕೆಲಸ. ದೇವರಿಗೂ ಒಮ್ಮೊಮ್ಮೆ ಚೇಷ್ಟೆ ಮಾಡಬೇಕೆನ್ನಿಸುತ್ತದೆ.

ನರಗುಂದದಲ್ಲಿ ನನ್ನ ಕಾಳಿನ ಅಂಗಡಿಯ ಪಕ್ಕದಲ್ಲೇ ಅವನ ಶೆಡ್ಡು. ಹುಬ್ಬಳ್ಳಿಯಲ್ಲಿ ಪೌಡರ್ ಕೋಟಿಂಗ್ ಕಲಿತು ಬಂದು ಮೊದಲು ಕಿಟಕಿ ಸರಳು, ಕಪಾಟುಗಳಿಗೆ ಬಣ್ಣ ಹಾಕುತ್ತಿದ್ದ. ಎರಡು ಸಾವಿರದ ಐದು-ಆರರ ಸುಮಾರಿಗೆ ಜನರಿಗೆ ಅಪ್ಪಂದಿರ ಹಳೆಯ ಸ್ಕೂಟರ್‌ಗಳ ಮೇಲೆ ಇದ್ದಕ್ಕಿದ್ದಂತೆ ಪ್ರೀತಿ ಉಕ್ಕಿತು. ದನದ ಕೊಟ್ಟಿಗೆಯಲ್ಲಿ ಕೋಳಿಗಳಿಗೆ ಆಸನವಾಗಿದ್ದ ಗಾಡಿಗಳೆಲ್ಲ ಇವನ ಬಾಗಿಲಿಗೆ ಬಂದವು. ನಮ್ಮ ಎರೆಮಣ್ಣು ಅಡಿಯಲ್ಲಿ ಮೆತ್ತಿಕೊಂಡರೆ ತಗಡನ್ನು ತಿಂದೇ ಬಿಡುತ್ತದೆ. ಹಳೆಯ ಬಣ್ಣ ಕೆರೆದು, ತುಕ್ಕು ಉಜ್ಜಿ, ಆ್ಯಸಿಡ್ಡಿನಲ್ಲಿ ತೊಳೆದು, ಒಣಗಿಸಿ, ಪುಡಿ ಬಣ್ಣ ಹಾರಿಸಿ, ಆಳೆತ್ತರದ ಭಟ್ಟಿಯೊಳಗೆ ಬೇಯಿಸಬೇಕು. ತೊಳೆದ ಮೇಲೆ ಬೆವರಿನ ಕೈ ತಾಗಕೂಡದು, ತಾಗಿದರೆ ಬಣ್ಣದ ಅಡಿಯಲ್ಲೇ ತುಕ್ಕು ಏಳುತ್ತದೆ. ಕೈಗವಸು ಹಾಕಿ ನೋಡಿದ. ಬಟ್ಟೆಯದು ನೆನೆದು ಹಿಂಡುವಂತಾಯಿತು, ರಬ್ಬರಿನದು ತಗಡಿನ ಅಂಚಿಗೆ ಹರಿಯಿತು.

ಹಾಗಾಗಿ ಆ ಕೆಲಸ ಹೆಂಡತಿ ಹಸನಬಿಯ ಪಾಲಿಗೆ ಬಂತು. ಅವಳ ಕೈ ಮೇ ತಿಂಗಳಲ್ಲೂ ಒಣ. ತೊಳೆದ ಗಾಡಿಯ ಚಾಸಿಯನ್ನು ಒರೆಸುವವಳು ಅವಳೇ, ಅವನು ಹಗ್ಗ ಎಳೆದು ಮೇಲೆತ್ತಿದರೆ ಹಿಡಿದು ಭಟ್ಟಿಯ ಕೊಕ್ಕೆಗೆ ಸಿಕ್ಕಿಸುವವಳೂ ಅವಳೇ. ಒಮ್ಮೆ ಭಟ್ಟಿಯ ಬಾಗಿಲಿಗೆ ಸಿಕ್ಕು ಬಲಗೈ ಕಿರುಬೆರಳು ಡೊಂಕಾಗಿತ್ತು. ಮೂರು ಫೇಸಿನ ಕರೆಂಟು ಬಂದಾಗಲೇ ಭಟ್ಟಿ ಹಚ್ಚಬೇಕು. ಬಂತೆಂದರೆ ಗಂಡ ಹೆಂಡತಿ ಉಣ್ಣುವ ತಾಟು ಬಿಟ್ಟು ಏಳುತ್ತಿದ್ದರು.

ಒಂದು ವರ್ಷ ಬೇಸಿಗೆಯಿಂದ ಹಸನಬಿ ಒಂದೇ ಮಾತು ಹಿಡಿದಳು.

“ನನಗ ಸಾಕಾಗೇತ್ರಿ. ಬ್ಯಾರೆ ಯಾರನ್ನರ ನೋಡ್ರಿ.”

“ಇದೊಂದು ಗಾಡಿ ಮುಗೀಲಿ,” ಎನ್ನುತ್ತಿದ್ದ ಬಾಷಾಸಾಬ. “ನಿನ್ನಂಥ ಕೈ ಎಲ್ಲಿಂದ ತರ್ಲಿ?”

ಒಂದು ಮುಗಿಯುವಷ್ಟರಲ್ಲಿ ಇನ್ನೊಂದು ಬಾಗಿಲಲ್ಲಿರುತ್ತಿತ್ತು. ಅವಳು ಸೊರಗುತ್ತ ಹೋದಳು, ಕೆಲಸದ ನಡುವೆ ಗೋಡೆಗೆ ಒರಗಿ ಕೂತುಬಿಡುತ್ತಿದ್ದಳು. ದುಡಿತದ ದಣಿವು ಎಂದುಕೊಂಡೆವು. ಸಾಕಾಗಿದೆ ಅನ್ನದವರು ನಮ್ಮ ಓಣಿಯಲ್ಲಿ ಯಾರಿದ್ದಾರೆ? ನಾನೇ ದಿನಕ್ಕೆ ಹತ್ತು ಸಲ ಅನ್ನುತ್ತೇನೆ.

ಮಳೆಗಾಲ ಮುಗಿಯುವ ಹೊತ್ತಿಗೆ ಶಿರೋಳದ ಗುರುಸಂಗಪ್ಪ ತನ್ನ ನೀಲಿ ಸ್ಕೂಟರನ್ನು ವಾಪಸ್ ತಂದ. ಬೇಸಿಗೆಯ ಕೊನೆಗೆ ಇಲ್ಲೇ ಬಣ್ಣ ಮಾಡಿಸಿಕೊಂಡು ಹೋದ ಗಾಡಿ. ಕಾಲಿನ ಮುಂದಿನ ತಗಡಿನ ಒಳಮೈಯಲ್ಲಿ ಬಣ್ಣ ಗುಳ್ಳೆಗುಳ್ಳೆಯಾಗಿ ಎದ್ದು, ಒಡೆದಲ್ಲೆಲ್ಲ ತುಕ್ಕು ಕಾಣುತ್ತಿತ್ತು. ಯಾರೋ ಕೈ ಊರಿದ ಗುರುತು, ಅಂಗೈ ಬೆರಳು ಎಲ್ಲ ಸ್ಪಷ್ಟ.

“ಏನ್ರಿ ಸಾಬ್ರ, ನಿಮ್ಮ ತುಕ್ಕಿನ ಕೈ ನನ್ನ ಗಾಡೀಗೆ ಒತ್ತಿ ಕಳಿಸೀರಲ್ರಿ!” ಎಂದು ಓಣಿಗೆಲ್ಲ ಕೇಳುವಂತೆ ಕೂಗಿದ.

ತಮಾಷೆ ನೋಡಲು ಹೋದ ನಾನು ಹತ್ತಿರ ಬಗ್ಗಿ ನೋಡಿದೆ. ಗುರುತು ಚಿಕ್ಕದಿತ್ತು. ಕಿರುಬೆರಳು ಡೊಂಕಾಗಿತ್ತು. ಬಾಷಾಸಾಬ ಅದರ ಮುಂದೆ ಕುಕ್ಕರಗಾಲಲ್ಲಿ ಕೂತು ಆ ಡೊಂಕು ಬೆರಳಿನ ಗುರುತನ್ನು ಮುಟ್ಟಿ ನೋಡಿದ. ಬಾಗಿಲಲ್ಲಿ ನಿಂತಿದ್ದ ಹಸನಬಿ ಕೈಯನ್ನು ಸೆರಗಿನೊಳಗೆ ಮುಚ್ಚಿಕೊಂಡಳು.

“ಹೌದ್ರಿ, ನಂದ ಕೈ,” ಎಂದ ಬಾಷಾಸಾಬ. “ತಪ್ಪಾತು. ಗಾಡಿ ಬಿಟ್ಟು ಹೋಗ್ರಿ, ಮೊದಲಿಂದ ಮಾಡಿಕೊಡ್ತೀನಿ.”

ಗುರುಸಂಗಪ್ಪ ಗೊಣಗುತ್ತ ಹೋದ. ಬಾಷಾಸಾಬ ಎದ್ದು, ನಾನಿದ್ದೇನೆಂಬುದನ್ನೂ ಮರೆತು, ಹೆಂಡತಿಯ ಕೈ ಹಿಡಿದ. ಸದಾ ಬೆವರುವ ತನ್ನ ಅಂಗೈಗೆ ಏನು ತಿಳಿದೀತು? ಅವಳ ಕೈಯನ್ನು ಎತ್ತಿ ಕೆನ್ನೆಗೆ ಹಚ್ಚಿಕೊಂಡ.

“ಒದ್ದಿ ಐತಲ್ಲ! ನಡಗಾಕತ್ತೈತಿ. ಯಾವಾಗಿಂದ ಹಿಂಗ?”

“ಬ್ಯಾಸಗೀಯಿಂದ. ಎದಿ ಹೊಡಕೋತೈತಿ. ಈ ಗಾಡಿ ಒರಸುವಾಗ ಕಣ್ಣಿಗೆ ಕತ್ತಲಿ ಬಂತು, ಇದನ್ನ ಹಿಡಕೊಂಡ್ನಿ.” ಹಸನಬಿ ಅಂದಳು, “ಹೇಳಿದ್ನಲ್ರಿ, ಸಾಕಾಗೇತಿ ಅಂತ.”

ಅಷ್ಟರಲ್ಲಿ ಮೂರು ಫೇಸಿನ ಕರೆಂಟು ಬಂದು ಭಟ್ಟಿಯ ಕೆಂಪು ದೀಪ ಹತ್ತಿತು. ಬಾಷಾಸಾಬ ಅದನ್ನು ಆರಿಸಿ ಶಟರ್ ಎಳೆದ.

“ಮುತ್ತಣ್ಣ, ಯಾರರ ಬಂದ್ರ ಬಂದ್ ಐತಿ ಅಂತ ಹೇಳು. ದವಾಖಾನಿಗೆ ಹೊಂಟೀವಿ,” ಎಂದು ನನಗೆ ಹೇಳಿದ.

ಬಸ್‌ಸ್ಟ್ಯಾಂಡಿನ ಕಡೆ ತಿರುಗುವವರೆಗೂ ನೋಡಿದೆ. ಅವಳ ಕೈಯನ್ನು ಅವನು ಬಿಟ್ಟಿರಲಿಲ್ಲ.