ಭಾರ ನಂಬಿ ಕೆಟ್ಟ ತಕ್ಕಡಿ

ಪೇಟೆಯಲ್ಲಿ ಎಲ್ಲರೂ ಅವನನ್ನು ಕರೆಯುವುದು ತಕ್ಕಡಿ ಅಂತಲೇ. ಹಳೆಯ ಕಂಪ್ಯೂಟರಿನ ಪವರ್ ಸಪ್ಲೈ, ಅಂದರೆ ಗೋಡೆಯ ಕರೆಂಟನ್ನು ಹದಮಾಡಿ ಯಂತ್ರಕ್ಕೆ ಉಣಿಸುವ ತಗಡಿನ ಡಬ್ಬಿ, ಯಾರು ತಂದರೂ ಅವನು ಮೊದಲು ಅಂಗೈ ಮೇಲಿಟ್ಟು ಎತ್ತಿ ಇಳಿಸಿ ನೋಡುತ್ತಿದ್ದ. ಹಗುರವಿದ್ದರೆ ಮುಖ ಹುಳ್ಳಗೆ. ಭಾರವಿದ್ದರೆ, "ಇದು ಒಳ್ಳೆ ಮನೆತನದ ಮಗು, ಬದುಕತ್ತೆ" ಎನ್ನುತ್ತಿದ್ದ. ಒಳ್ಳೆಯ ಡಬ್ಬಿಯಲ್ಲಿ ತಾಮ್ರ ಧಾರಾಳ, ಬಿಸಿ ಹೀರುವ ಅಲ್ಯೂಮಿನಿಯಂ ದಪ್ಪ, ಹಾಗಾಗಿ ತೂಕವೂ ಜಾಸ್ತಿ. ಲೆಕ್ಕವೇನೂ ಸುಳ್ಳಲ್ಲ.

ಅಂಗಡಿಯೆಂದರೆ ಮಹಡಿ ಮೆಟ್ಟಿಲ ಕೆಳಗಿನ ಸಂದಿ. ಎದ್ದರೆ ತಲೆಗೆ ಮೆಟ್ಟಿಲು, ಕಾಲು ಚಾಚಿದರೆ ರಸ್ತೆ. ಅಲ್ಲಿ ಕೂತು ಊದಿಕೊಂಡ ಕೆಪಾಸಿಟರುಗಳನ್ನು ಕಿತ್ತು ಹೊಸದನ್ನು ಬೆಸೆಯುತ್ತಾನೆ, ಕಿರುಗುಟ್ಟುವ ಫ್ಯಾನಿಗೆ ಹನಿ ಎಣ್ಣೆ ಬಿಡುತ್ತಾನೆ, ಆಮೇಲೆ ಡಬ್ಬಿಗೆ ಕಾರಿನ ಹೆಡ್‌ಲೈಟ್ ಬಲ್ಬುಗಳನ್ನು ಕಟ್ಟಿ ದುಡಿಸಿ ನೋಡುತ್ತಾನೆ. ಬೇಗ ಸಾಯಲೆಂದೇ ಸಾಮಾನು ಮಾಡಿ, ಸತ್ತೊಡನೆ "ಹೊಸದು ತಗೊಳ್ಳಿ" ಎಂದು ಹಲ್ಲು ಕಿರಿಯುವ ಕಾಲದಲ್ಲಿ ಈ ಪುಣ್ಯಾತ್ಮ ಸಂದಿಯಲ್ಲಿ ಕೂತು ಹೊಳೆಗೆ ಎದುರು ಈಜುತ್ತಿದ್ದ.

ಅವನ ಅಕ್ಕ ಹಿಂದಿನ ಬೀದಿಯಲ್ಲಿ, ಮನೆಯ ಮುಂಗೋಣೆಯಲ್ಲೇ ಟೈಪಿಂಗ್ ಕಲಿಸುತ್ತಾಳೆ. ಮಕ್ಕಳನ್ನು ದೊಡ್ಡವರನ್ನಾಗಿ ಮಾಡಿ, ಇನ್ನಾದರೂ ಒಂದು ನೌಕರಿ ಹಿಡಿಯೋಣವೆಂದು ಹೊರಟ ಹೆಂಗಸರು ಅವಳ ಶಿಷ್ಯರು. ಯಂತ್ರಗಳೆಲ್ಲ ಯಾವುದೋ ಕಚೇರಿ ಬಿಸಾಡಿದವು. ಅವಕ್ಕೆ ಜೀವ ತುಂಬಿದವನು ತಮ್ಮ.

ಒಂದು ಬೆಳಗ್ಗೆ, ಪಾಠದ ನಡುವೆ, ಬಾಗಿಲ ಪಕ್ಕದ ಯಂತ್ರ ಟಪ್ಪೆಂದಿತು. ದಟ್ಟ ಹೊಗೆ, ಸುಟ್ಟ ವಾಸನೆ. ಹೆಂಗಸರು ಚಪ್ಪಲಿಯನ್ನೂ ಮೆಟ್ಟದೆ ಬೀದಿಗೆ ಓಡಿದರು. ಯಾರಿಗೂ ಏನೂ ಆಗಲಿಲ್ಲ. ಆದರೆ ಇನ್ನು ಆ ಯಂತ್ರಗಳ ಮುಂದೆ ಕೂರುವುದಿಲ್ಲವೆಂದು ಅಲ್ಲೇ ಹೇಳಿಬಿಟ್ಟರು.

ಅಕ್ಕ ಆ ಯಂತ್ರದ ಡಬ್ಬಿಯನ್ನು ಕಿತ್ತು ತಂದು ತಮ್ಮನ ಮೇಜಿನ ಮೇಲೆ ಕುಕ್ಕಿದಳು.

"ಏನೋ ಇದು? ನಾನು ಪಾಠ ಹೇಳ್ತಾ ಇದ್ದೀನಾ, ಪಟಾಕಿ ಹೊಡೀತಾ ಇದ್ದೀನಾ?"

"ಗಟ್ಟಿ ಮಾಲು ಕಣಕ್ಕಾ ಇದು. ಕೈಗೇ ಗೊತ್ತಾಗತ್ತೆ."

"ಕೈಗೆ ಗೊತ್ತಾಗಿದ್ದು ಸಾಕು, ಕಣ್ಣಿಗೂ ಸ್ವಲ್ಪ ಗೊತ್ತಾಗ್ಲಿ. ಬಿಚ್ಚು."

ಬಿಚ್ಚಿದ. ಕೂದಲೆಳೆಯಂಥ ತಂತಿ ಸುತ್ತಿದ ಬಡಕಲು ಸುರುಳಿ. ಮೂಲೆಯಲ್ಲಿ ಕಪ್ಪು ಬಣ್ಣ ಬಳಿದ ಒಂದು ಗಟ್ಟಿ. ಸ್ಕ್ರೂಡ್ರೈವರಿನಿಂದ ಕೆದಕಿದರೆ ಬೂದಿಬಣ್ಣದ ಪುಡಿ ಉದುರಿತು. ಸಿಮೆಂಟು!

ತೂಗಿ ನೋಡುವ ಕೈಗಳಿವೆ ಎಂದು ಗೊತ್ತಿದ್ದೇ ಯಾವನೋ ಸಿಮೆಂಟು ಕಲಸಿ ಒಳಗೆ ಮೆತ್ತಿದ್ದ. ಅಕ್ಕಿಗೆ ಕಲ್ಲು ಬೆರೆಸುವವನ ಒಡಹುಟ್ಟಿದವನೇ ಇರಬೇಕು. ಅವನನ್ನು ಎಷ್ಟು ಉಗಿದರೂ ಕಡಿಮೆಯೇ. ಆದರೆ ಬಿಚ್ಚಿ ನೋಡದೆ ಹೆಂಗಸರ ಕಾಲ ಬಳಿ ಇಟ್ಟವನು ಯಾರು?

"ನೀನು ಇದರ ಒಳಗೆ ನೋಡಿರ್ಲಿಲ್ವಾ?"

ಕರೆಂಟು ಏರುಪೇರಾಯಿತು ಅಂದಿದ್ದರೆ ಮುಗಿಯುತ್ತಿತ್ತು. ರಿಪೇರಿಯವರ ಪಾಪವನ್ನೆಲ್ಲ ಹೊರುವುದು ಆ ಬಡಪಾಯಿ ಕರೆಂಟೇ.

"ಇಲ್ಲಕ್ಕಾ," ಎಂದ. "ಭಾರ ಇತ್ತು. ಹಾಗೇ ಹಾಕ್ಬಿಟ್ಟೆ."

"ಉಳಿದವು?"

"ಕೆಲವು ಬಿಚ್ಚಿದ್ದೆ. ಯಾವ್ಯಾವುದು ಅಂತ ನೆನಪಿಲ್ಲ."

ಬೈಗುಳಕ್ಕೆ ಬೆನ್ನೊಡ್ಡಿ ಕೂತಿದ್ದವನ ಕೈಗೆ ಅಕ್ಕ ಸ್ಕ್ರೂಡ್ರೈವರನ್ನೇ ಮತ್ತೆ ತುರುಕಿದಳು. "ನಾಳೆ ಅವರೆದುರಿಗೇ ಎಲ್ಲಾನೂ ಬಿಚ್ಚು. ನಾನು ಹೇಳಿದ್ರೆ ತಮ್ಮನ ಪರ ವಕಾಲತ್ತು ಅಂತಾರೆ. ಅವರು ಒಪ್ಪದಿದ್ರೆ ಯಂತ್ರಗಳು ಗುಜರಿಗೆ, ಕ್ಲಾಸಿಗೆ ಬೀಗ."

ಮರುದಿನ ಮುಂಗೋಣೆಯಲ್ಲಿ ಹಳೆಯ ಹಾಸು ಹರಡಿ ಕೂತ. ತಾನು ಬಿಚ್ಚದೆ ಕೊಟ್ಟಿದ್ದೆನೆಂದು ಮೊದಲೇ ಹೇಳಿದ. ಬಾಗಿಲಲ್ಲೇ ನಿಂತಿದ್ದ ಶಿಷ್ಯೆಯರ ಪೈಕಿ ದರ್ಜಿಯಮ್ಮನ ಬಾಯಿ ಮಾತ್ರ ಸುಮ್ಮನಿರಲಿಲ್ಲ. "ಸಿಮೆಂಟು ಸಿಕ್ರೆ ನಂಗೇ ಕೊಡಪ್ಪ. ನಮ್ಮ ಬಚ್ಚಲು ಬಿರುಕು ಬಿಟ್ಟಿದೆ."

ಇನ್ನೊಂದರಲ್ಲೂ ಸಿಕ್ಕಿತು. ಅದನ್ನು ಎಲ್ಲರಿಗೂ ತೋರಿಸಿ ಮೂಲೆಗೆ ಎಸೆದ. ಮಿಕ್ಕವನ್ನು ಒಂದೊಂದಾಗಿ ಬಲ್ಬಿಗೆ ಕಟ್ಟಿ ಉರಿಸಿ, ಮೀಟರಿನ ಮುಳ್ಳು ತೋರಿಸಿ, ಯಂತ್ರಗಳಿಗೆ ಮತ್ತೆ ಕೂರಿಸಿದ. ಬಾಗಿಲ ಪಕ್ಕದ್ದಕ್ಕೂ ಸಿಮೆಂಟು ಸಿಕ್ಕಿದ್ದಕ್ಕೂ ಅಂಗಡಿಯಿಂದ ತಂದಿದ್ದ ಬೇರೆ ಡಬ್ಬಿಗಳನ್ನು ಅವರೆದುರೇ ಬಿಚ್ಚಿ ತೋರಿಸಿ ಹಾಕಿದ. ಪರದೆಗಳು ಬೆಳಗಿದವು. ಆದರೂ ಯಾರೊಬ್ಬರೂ ಹೊಸ್ತಿಲು ದಾಟಲಿಲ್ಲ.

"ಮತ್ತೇನು ನೋಡ್ತೀಯ?" ಎಂದಳು ಅಕ್ಕ. "ಕೂತ್ಕೊ. ನೀನೇ ಟೈಪ್ ಮಾಡು."

"ನಾನಾ? ನಂಗೆ ಬರಲ್ಲಕ್ಕಾ."

"ಅವರಿಗೂ ಬರ್ತಿರ್ಲಿಲ್ಲ. ಕೂತ್ಕೊ."

ಬಾಗಿಲ ಪಕ್ಕದ ಯಂತ್ರದ ಮುಂದೆಯೇ ಕೂತ. ಇಷ್ಟು ವರ್ಷ ಕಂಪ್ಯೂಟರುಗಳ ಹೊಟ್ಟೆ ಬಗೆದವನು ಒಂದು ಸಾಲೂ ಟೈಪ್ ಮಾಡಿದವನಲ್ಲ. ತೋರುಬೆರಳು ಮೇಲೆತ್ತಿ, ಅಕ್ಷರ ಹುಡುಕಿ, ಮರಕುಟುಕದಂತೆ ಕುಕ್ಕಿದ. ಮತ್ತೆ ಹುಡುಕಿದ. ಕಿವಿ ಕೆಂಪಾಯಿತು. ಎದ್ದು ಮಾತ್ರ ಹೋಗಲಿಲ್ಲ.

ದರ್ಜಿಯಮ್ಮನಿಗೆ ನೋಡಲಾಗಲಿಲ್ಲ. "ಅಯ್ಯೋ, ಹಾಗಲ್ಲಪ್ಪ! ಹತ್ತು ಬೆರಳು ಯಾಕೆ ಕೊಟ್ಟಿದ್ದಾನೆ ದೇವರು? ಇಲ್ಲಿ ನೋಡು," ಎನ್ನುತ್ತ ಸರಸರನೆ ಒಳಗೆ ಬಂದು ಪಕ್ಕದ ಯಂತ್ರದ ಮುಂದೆ ಕೂತು ಪಟಪಟನೆ ಒಂದು ಸಾಲು ಹೊಡೆದೇಬಿಟ್ಟಳು. ಹೆದರಿದ್ದು ನೆನಪಾದಾಗ ಸಾಲು ಮುಗಿದಿತ್ತು. ಅವಳ ಹಿಂದೆ ಇನ್ನೊಬ್ಬಳು ಬಂದಳು, ಆಮೇಲೆ ಮತ್ತೊಬ್ಬಳು.

ತಕ್ಕಡಿ ಮೆಲ್ಲಗೆ ಎದ್ದು ಜಾಗ ಬಿಡಲು ನೋಡಿದ. ಅಕ್ಕ ಭುಜ ಅದುಮಿ ಕೂರಿಸಿದಳು.

"ಎಲ್ಲಿಗೆ? ಇನ್ನೂ ಮೊದಲ ಸಾಲೇ ಮುಗಿದಿಲ್ಲ. ಮಣಿಕಟ್ಟು ಎತ್ತು."