ಕೆಂಪು ವಿಮಾನದ ಪರವಾಗಿ ಓದಿದವಳು

ನೆಲದ ಮೇಲೆ ಸೀಮೆಸುಣ್ಣದಿಂದ ಎಳೆದ ಒಂದೊಂದು ಚೌಕವೂ ಆರು ಅಂಗುಲ. ಆ ಆರು ಅಂಗುಲವೆಂದರೆ ಮುನ್ನೂರು ಮೀಟರ್ ಆಕಾಶ. ಚೌಕಗಳ ಮೇಲೆ ಎರಡು ಮರದ ಜೆಟ್ ವಿಮಾನಗಳು, ಒಂದು ನೀಲಿ, ಒಂದು ಕೆಂಪು. ಎರಡಕ್ಕೂ ತೂತು ಕೊರೆದ ಕಬ್ಬಿಣದ ಸರಳಿನ ಕಾಲು. ಒಂದು ತೂತು ಮೇಲೇರಿಸಿದರೆ ಐನೂರು ಮೀಟರ್ ಎತ್ತರ.

1976ರಲ್ಲಿ ನಾನು ಚಿತ್ರದುರ್ಗದ ಒಂದು ಖಾಸಗಿ ತರಬೇತಿ ಕೇಂದ್ರದಲ್ಲಿ ಗಣಿತದ ಬೋಧಕಿಯಾಗಿದ್ದೆ. ಎಂ.ಎಸ್ಸಿ. ಮುಗಿಸಿ ಎರಡು ವರ್ಷವಾಗಿತ್ತು. ವಾಯುಪಡೆಯ ಆಯ್ಕೆಗೆ ಹೋಗುವ ಹುಡುಗರನ್ನು ಅಲ್ಲಿ ತಯಾರು ಮಾಡುತ್ತಿದ್ದೆವು. ನಡೆಸುತ್ತಿದ್ದವರು ಹೊಳಲ್ಕೆರೆಯ ಒಬ್ಬ ನಿವೃತ್ತ ಸ್ಕ್ವಾಡ್ರನ್ ಲೀಡರ್. ಎಲ್ಲರೂ ಅವರನ್ನು ಸಾಹೇಬರು ಎನ್ನುತ್ತಿದ್ದೆವು. ನೆಲದ ಮೇಲಿನ ಆ ಆಕಾಶಕ್ಕೆ ಅವರು ಸಿಮ್ಯುಲೇಟರ್ ಎಂದು ಹೆಸರಿಟ್ಟಿದ್ದರು. ನೀಲಿ ವಿಮಾನವನ್ನು ಹುಡುಗರು ಹಾರಿಸಬೇಕು, ಕೆಂಪನ್ನು ಕಂಪ್ಯೂಟರ್ ಹಾರಿಸಬೇಕು ಎಂಬುದು ಅವರ ಹಟ.

ಕಂಪ್ಯೂಟರ್ ಇದ್ದದ್ದು ಬೆಂಗಳೂರಿನಲ್ಲಿ. ಸಾಹೇಬರ ಹಳೆಯ ಗೆಳೆಯರೊಬ್ಬರು ಅಲ್ಲಿನ ಒಂದು ಕೇಂದ್ರದಲ್ಲಿ ಅಧಿಕಾರಿಯಾಗಿದ್ದು, ಯಂತ್ರ ಬಿಡುವಾಗಿರುವಾಗ ನಮ್ಮ ಕೆಲಸ ಮಾಡಿಸಿಕೊಡಲು ಒಪ್ಪಿದ್ದರು. ನಾನು ಫೋರ್ಟ್ರಾನ್ ಭಾಷೆಯಲ್ಲಿ ಪ್ರೋಗ್ರಾಂ ಬರೆದು ಹಾಳೆಗಳನ್ನು ಬಸ್ಸಿಗೆ ಹಾಕಿ ಕಳುಹಿಸುತ್ತಿದ್ದೆ. ಅಲ್ಲಿ ಅದನ್ನು ಕಾರ್ಡುಗಳಲ್ಲಿ ತೂತು ಹೊಡೆದು ಯಂತ್ರಕ್ಕೆ ಕೊಡುತ್ತಿದ್ದರು. ಒಂದು ಅಲ್ಪವಿರಾಮ ತಪ್ಪಿದರೂ ಒಂದು ವಾರ ಹೋಗುತ್ತಿತ್ತು. ಏಳು ತಿಂಗಳ ಮೇಲೆ ನೂರನಲವತ್ತು ಪುಟಗಳ ಅಚ್ಚು ಕೈಗೆ ಬಂತು. ಎರಡು ವಿಮಾನಗಳ ನಡುವಿನ ದೂರ, ಕೋನ, ಎತ್ತರದ ವ್ಯತ್ಯಾಸ, ವೇಗದ ವ್ಯತ್ಯಾಸ, ಈ ನಾಲ್ಕನ್ನು ಹಿಡಿದು ಹುಡುಕಿದರೆ ಒಂದು ಸಾಲು ಸಿಗುತ್ತದೆ. ಕೆಂಪು ವಿಮಾನ ಮುಂದೆ ಏನು ಮಾಡಬೇಕು ಎಂಬುದು ಆ ಸಾಲಿನ ಕೊನೆಯಲ್ಲಿರುತ್ತದೆ: ಎಡ, ಬಲ, ನೇರ, ಏರು, ಇಳಿ. ಹುಡುಗರು ತಮ್ಮ ನಡೆ ಹೇಳಿದ ಮೇಲೆ ನಾನು ಪುಸ್ತಕ ನೋಡಿ ಕೆಂಪಿನ ನಡೆ ಓದುತ್ತಿದ್ದೆ. ಎದುರಾಳಿಯ ಬಾಲದ ಹಿಂದೆ, ಎರಡು ಚೌಕದೊಳಗೆ, ಸತತ ಎರಡು ನಡೆ ನಿಂತವರು ಗೆದ್ದಂತೆ.

ಆ ಯಂತ್ರವನ್ನು ನಾನು ಕಣ್ಣಾರೆ ನೋಡಿರಲಿಲ್ಲ. ಇದನ್ನು ಯಾರಿಗೂ ಹೇಳಿರಲಿಲ್ಲ.

ಮೊದಲ ಎರಡು ವಾರ ಕೆಂಪು ವಿಮಾನವೇ ಗೆದ್ದಿತು. ಆಮೇಲೆ ಗಿರಿಜಾ ಆಡಿದಳು. ಆಕೆ ನಮ್ಮ ಕಚೇರಿಯ ಟೈಪಿಸ್ಟ್, ಬಿ.ಎಸ್ಸಿ., ನನಗಿಂತ ಎರಡು ವರ್ಷಕ್ಕೆ ಚಿಕ್ಕವಳು. ಐಮಂಗಲದ ಕುರಿ ಸಾಕುವವರ ಮನೆಯ ಮಗಳು. ಒಂದು ಮಧ್ಯಾಹ್ನ ಊಟದ ಡಬ್ಬಿ ಮುಚ್ಚಿಟ್ಟು ಬಂದು, "ನಾನೂ ಒಂದು ಕೈ ನೋಡ್ಲಾ ಶಾರದಕ್ಕ?" ಎಂದಳು. ಹನ್ನೊಂದು ನಡೆಯಲ್ಲಿ ಗೆದ್ದಳು. ಅದೃಷ್ಟ ಎಂದುಕೊಂಡೆ. ಮರುದಿನ ಒಂಬತ್ತು ನಡೆಯಲ್ಲಿ ಗೆದ್ದಳು.

ಅವಳು ಮಾಡುತ್ತಿದ್ದದ್ದು ಇಷ್ಟು. ಕೆಂಪು ವಿಮಾನ ತಿರುಗುತ್ತಿದ್ದಾಗ ತಾನೂ ಅದರ ಹಿಂದೆ ತಿರುಗುತ್ತಾ ಬರುವಳು. ವೇಗ ಹೆಚ್ಚಾಗಿ ಅದನ್ನು ದಾಟಿ ಹೋಗುವ ಹಾಗಾದಾಗ, ನೀಲಿಯನ್ನು ಎರಡು ತೂತು ಮೇಲೇರಿಸಿ ವೇಗ ಕಳೆದುಕೊಳ್ಳುವಳು. ಕೆಂಪು ಕೆಳಗೇ ತಿರುಗುತ್ತಿರುವಾಗ ಮೇಲಿನಿಂದ ಅದರ ಬಾಲಕ್ಕೆ ಇಳಿಯುವಳು.

ಸಾಹೇಬರು ಕುರ್ಚಿ ಬಿಟ್ಟು ಎದ್ದರು. "ಇದಕ್ಕೆ ನಮ್ಮಲ್ಲಿ ಹೈ ಯೋ-ಯೋ ಅಂತಾರಮ್ಮ. ಯಾರು ಹೇಳ್ಕೊಟ್ರು ನಿಂಗೆ?"

"ಯಾರೂ ಇಲ್ಲ ಸಾರ್. ಈ ಮಿಷನ್ನು ನಾನೀಗ ಎಲ್ಲಿದೀನೋ ಅಲ್ಲಿಗೇ ಮೂತಿ ತಿರುಗಿಸ್ತೈತೆ. ನಮ್ಮ ಹಟ್ಟೀಲಿ ಮರಿನಾಯಿಗಳು ಹಿಂಗೇ ಮಾಡ್ತಾವೆ, ಕುರಿ ಇದ್ದಲ್ಲಿಗೇ ಓಡ್ತಾವೆ. ಹಳೇ ನಾಯಿ ಹಂಗಲ್ಲ, ಕುರಿ ಎತ್ಲಾಗೆ ಹೋಗ್ತೈತೋ ಅಲ್ಲಿ ಹೋಗಿ ಅಡ್ಡ ನಿಂತ್ಕಂತೈತೆ."

"ಲೇ, ಕಂಪ್ಯೂಟರ್‌ಗೆ ಇನ್ನೂ ಹಲ್ಲೇ ಬಂದಿಲ್ಲ ಕಣ್ರಲೇ!" ಎಂದು ಹಿಂದಿನಿಂದ ಒಬ್ಬ ಕೂಗಿದ. ಎಲ್ಲರೂ ನಕ್ಕರು. ನಾನೂ ನಕ್ಕೆ. ಮನೆಗೆ ಹೋದ ಮೇಲೆ ಊಟ ಸೇರಲಿಲ್ಲ.

ತಪ್ಪು ಎಲ್ಲಿದೆ ಎಂದು ಮೂರನೆಯ ದಿನ ಕಂಡುಕೊಂಡೆ. ಏರಿದರೆ ವೇಗ ನಷ್ಟವಾಗುತ್ತದೆಂದು, ಎತ್ತರದ ವ್ಯತ್ಯಾಸ ಎರಡು ತೂತಿಗಿಂತ ಹೆಚ್ಚಾದರೆ ಮಾತ್ರ ಕೆಂಪು ಏರಲಿ ಎಂದು ಬರೆದಿದ್ದೆ. ಗಿರಿಜಾ ಸರಿಯಾಗಿ ಎರಡು ತೂತು ಏರುತ್ತಿದ್ದಳು. ನಾನು ಏಳು ತಿಂಗಳು ಗ್ರಾಫ್ ಹಾಳೆಯಲ್ಲಿ ಕಾಣದ್ದನ್ನು ಅವಳು ನಿಂತಲ್ಲೇ ಕಂಡಿದ್ದಳು. ತಪ್ಪು ಸಿಕ್ಕಿದ್ದಕ್ಕೆ ನನಗೆ ಸಂತೋಷವಾಗಬೇಕಿತ್ತು. ಅದರ ಬದಲು ಅವಳು ಟೈಪ್ ಮಾಡುವ ಸದ್ದು ಕೇಳಿದರೂ ಮೈ ಉರಿಯುತ್ತಿತ್ತು. ಸಾಹೇಬರು ಈಗ ಚಹಾ ಬಂದರೆ ಮೊದಲು "ಗಿರಿಜಮ್ಮ" ಎಂದು ಕೂಗುತ್ತಿದ್ದರು. ಆ ಕೂಗುಗಳನ್ನು ನಾನು ಎಣಿಸುತ್ತಿದ್ದೆ.

ಅಷ್ಟರಲ್ಲಿ ಬೆಂಗಳೂರಿನಿಂದ ಪತ್ರ ಬಂತು. ಪ್ರೋಗ್ರಾಮಿಂಗ್ ತರಬೇತಿಗೆ ನಮ್ಮಿಂದ ಒಬ್ಬರನ್ನು ತೆಗೆದುಕೊಳ್ಳುತ್ತಾರೆ, ಆರು ತಿಂಗಳ ನಂತರ ಅಲ್ಲೇ ಕೆಲಸ. ಸಾಹೇಬರ ಗೆಳೆಯರೇ ಬಂದು ಆಟ ನೋಡಿ ಹೆಸರು ಬರೆದುಕೊಳ್ಳುತ್ತಾರೆ. ಪ್ರೋಗ್ರಾಂ ತಿದ್ದಿ ಹೊಸ ಪುಸ್ತಕ ತರಿಸಲು ಸಮಯವಿರಲಿಲ್ಲ. ಹೊಸದುರ್ಗದಲ್ಲಿ ಅಪ್ಪ ನನಗಾಗಿ ಬಿ.ಎಡ್. ಅರ್ಜಿ ತಂದಿಟ್ಟಿದ್ದರು. ಅವರು ಬರೆದುಕೊಳ್ಳುವ ಹೆಸರು ನನ್ನದಾಗದಿದ್ದರೆ ನಾನು ಆ ಅರ್ಜಿ ತುಂಬಬೇಕಿತ್ತು. ಪತ್ರ ಬರೆದಂತೆ ಯಾವ ಯಂತ್ರಕ್ಕೆ ಬರೆದು ಕಳುಹಿಸುತ್ತಿದ್ದೆನೋ ಅದನ್ನು ಎಂದೂ ನೋಡುವಂತಿರಲಿಲ್ಲ.

ಅಧಿಕಾರಿ ಬಂದ ದಿನ ಕೋಣೆ ತುಂಬಿತ್ತು. "ಪ್ರೋಗ್ರಾಂ ಬರೆದವರು ಒಬ್ಬರು, ಅದನ್ನು ಸೋಲಿಸೋರು ಒಬ್ಬರು ಅಂತ ಕೇಳಿದೀನಿ. ಆಡಿ, ನೋಡೋಣ," ಎಂದರು. ಗಿರಿಜಾ ನೀಲಿ ವಿಮಾನದ ಬಳಿ ಮೊಣಕಾಲೂರಿದಳು. ನಾನು ಪುಸ್ತಕ ತೆರೆದೆ.

ಎಂಟನೆಯ ನಡೆಯಲ್ಲಿ ಅವಳು ಎಂದಿನಂತೆ ಎರಡು ತೂತು ಏರಿದಳು. ನಾನು ಸಾಲು ಹುಡುಕಿದೆ. ಎಡ ಎಂದಿತ್ತು.

"ಏರು," ಎಂದು ಓದಿದೆ.

ಕೆಂಪನ್ನು ನಡೆಸುತ್ತಿದ್ದ ಸಾಹೇಬರು ಅದನ್ನು ಮೇಲೇರಿಸಿದರು. ಮೇಲೆ ವೇಗವಿಲ್ಲದೆ ನಿಂತಿದ್ದ ನೀಲಿಗೆ ತಪ್ಪಿಸಿಕೊಳ್ಳಲು ದಾರಿ ಇರಲಿಲ್ಲ. ಮೂರು ನಡೆಯಲ್ಲಿ ಆಟ ಮುಗಿಯಿತು. ಗಿರಿಜಾ ತಲೆಯೆತ್ತಿ ನನ್ನನ್ನು ನೋಡಿದಳು. ಆ ಅಚ್ಚಿನ ಹಾಳೆಗಳನ್ನು ಮಡಚಿ, ಹೊಲಿದು, ಪುಟಕ್ಕೆ ಸಂಖ್ಯೆ ಹಾಕಿದವಳೇ ಅವಳು.

"ಯಾಕಮ್ಮಾ, ಇವತ್ತು ನಿನ್ನ ನಾಯಿ ದಾರಿ ತಪ್ತಾ?" ಎಂದರು ಸಾಹೇಬರು.

"ಇಲ್ಲ ಸಾರ್," ಎಂದಳು. "ಮರಿನಾಯಿ ಬೆಳೀತು ಅನ್ಸತೈತೆ." ಸೆರಗಿಗೆ ಅಂಟಿದ ಸೀಮೆಸುಣ್ಣ ಕೊಡವಿಕೊಂಡು ಟೈಪ್‌ರೈಟರ್ ಹತ್ತಿರ ಹೋದಳು. ನನ್ನನ್ನು ಮತ್ತೆ ನೋಡಲಿಲ್ಲ.

ಅಧಿಕಾರಿ ನನ್ನ ಪ್ರೋಗ್ರಾಂ ಹೊಗಳಿದರು, ನನ್ನ ಪೂರ್ತಿ ಹೆಸರು ಬರೆದುಕೊಂಡರು. ನಾನು ಬಯಸಿದ್ದೆಲ್ಲ ಅರ್ಧ ಗಂಟೆಯಲ್ಲಿ ಆಗಿಹೋಯಿತು. ಆದರೂ ಅಸೂಯೆ ಇಳಿಯಲಿಲ್ಲ. ಗೆದ್ದಾಗಲೂ, ಸೋತಾಗಲೂ ಅವಳು ಒಂದೇ ರೀತಿ ಇದ್ದಳಲ್ಲ ಎಂದು ಇನ್ನಷ್ಟು ಉರಿಯಿತು.

ಕೆಲವು ವರ್ಷಗಳ ಮೇಲೆ ಬೇರೆ ದಾರಿಯಿಂದ ನಾನೂ ಈ ಕೆಲಸಕ್ಕೆ ಬಂದೆ, ಎಷ್ಟೋ ಪ್ರೋಗ್ರಾಂಗಳನ್ನು ಓದಿ, ತಿದ್ದಿದ್ದೇನೆ. ಉತ್ತರ ತಪ್ಪಾದಾಗ ಎಲ್ಲರೂ ಮೊದಲು ಯಂತ್ರವನ್ನು ಅನುಮಾನಿಸುತ್ತಾರೆ, ಆಮೇಲೆ ಬರೆದವರನ್ನು. ಉತ್ತರವನ್ನು ಓದಿ ಹೇಳಿದವರನ್ನು ಯಾರೂ ಕೇಳುವುದಿಲ್ಲ. ಹಾಗಾಗಿ ಓದುವವರು ತಾವಾಗಿಯೇ ಹೇಳಬೇಕು. ಈ ಕೆಲಸ ನನಗೆ ಕಲಿಸಿದ್ದು ಅದನ್ನೇ.

ಮರುದಿನ ಬೆಳಿಗ್ಗೆ ಏಳಕ್ಕೆ ಮೊದಲು ನಾನು ಪುಸ್ತಕವನ್ನು ಎದೆಗವಚಿಕೊಂಡು ಪ್ರವಾಸಿ ಮಂದಿರಕ್ಕೆ ಹೋದೆ. ಅಧಿಕಾರಿ ಹೊರಡಲು ಸಿದ್ಧರಾಗಿ ವರಾಂಡದಲ್ಲಿ ಕುಳಿತಿದ್ದರು. ಎಂಟನೆಯ ನಡೆಯ ಪುಟ ತೆರೆದು, ಸಾಲಿನ ಕೆಳಗೆ ಬೆರಳಿಟ್ಟು, "ಇದನ್ನು ನೀವೇ ಓದಿ ಸಾರ್," ಎಂದೆ.

"ಎಡ," ಎಂದು ಓದಿದರು.

"ನಿನ್ನೆ ನಾನು ಏರು ಎಂದು ಓದಿದೆ. ಗೊತ್ತಿದ್ದೇ ಓದಿದೆ."

ಅವರು ಪುಸ್ತಕ ಮುಚ್ಚಿದರು. ಆಮೇಲೆ ಜೇಬಿನಿಂದ ಚೀಟಿ ತೆಗೆದು, ನನ್ನ ಹೆಸರಿನ ಮೇಲೆ ಗೀಟು ಹಾಕಿ, "ಆ ಹುಡುಗಿಯ ಪೂರ್ತಿ ಹೆಸರೇನು?" ಎಂದರು.

ಹೇಳಿದೆ. ಅವಳ ತಂದೆಯ ಹೆಸರು ಹೇಳಿದೆ, ಊರು ಹೇಳಿದೆ. ಹೇಳುವಾಗಲೂ ಹೊಟ್ಟೆ ಉರಿಯುತ್ತಲೇ ಇತ್ತು. ಅವರು ಬರೆದು ಮುಗಿಸುವವರೆಗೂ ಅಲ್ಲೇ ನಿಂತಿದ್ದೆ.